ಎರಡರ ನಂತರ ‘ಬಹಳ’: ಯಾನೊಮಾಮಿ ನುಡಿಗಳ ಕುರಿತ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ದಕ್ಷಿಣ ಅಮೆರಿಕದ ಕಾಡಿನಲ್ಲಿರುವ ಯಾನೊಮಾಮಿ ಜನರ ಭಾಷೆಯಲ್ಲಿ ಒಂದು, ಎರಡು ಆದ ಮೇಲೆ ‘ಬಹಳ’ ಎಂಬ ಮಾತು ಮಾತ್ರ ಇದೆ, ಮೂರಕ್ಕೆ ಪದವೇ ಇಲ್ಲ ಎಂದು ಓದಿದೆ. ಅವರಿಗೆ ಸ್ವಂತ ಲಿಪಿಯೂ ಇರಲಿಲ್ಲವಂತೆ. ಹೀಗಿರುವಾಗ ಅದನ್ನು ಬೆಳೆದ ಭಾಷೆ ಎನ್ನಬಹುದೇ? ಅದು ಒಂದೇ ಭಾಷೆಯೇ ಅಥವಾ ಹಲವು ಭಾಷೆಗಳೇ? ಹೆಸರನ್ನೂ ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ. ನಾನು ಪ್ರೌಢಶಾಲೆಯ ಶಿಕ್ಷಕಿ, ತರಗತಿಯಲ್ಲಿ ಹೇಳಬೇಕಾಗಿರುವುದರಿಂದ ಕನ್ನಡದಲ್ಲಿ ಹೇಗೆ ಬರೆಯಬೇಕೆಂಬುದನ್ನೂ ತಿಳಿಸಿ.

ಉತ್ತರ: ನೀವು ಓದಿರುವುದು ಸುಳ್ಳಲ್ಲ. ಈ ನುಡಿಗಳಲ್ಲಿ ‘ಪೊರಕಪಿ’ ಎಂದರೆ ಎರಡು. ಅದನ್ನು ಮೀರಿದ್ದೆಲ್ಲ ‘ಪ್ರುಕ’, ಅಂದರೆ ಬಹಳ. ಆದರೆ ಆ ಸಂಗತಿಯಿಂದ ನೀವು ತಲುಪಲು ಹೊರಟಿರುವ ತೀರ್ಮಾನಕ್ಕೆ ದಾರಿಯಿಲ್ಲ. ಒಂದು ಭಾಷೆ ಏನನ್ನು ಹೇಳದೆ ಬಿಡುತ್ತದೆ ಎನ್ನುವುದರ ಜೊತೆಗೆ, ಏನನ್ನು ಹೇಳದೆ ಬಿಡಲು ಅವಕಾಶವನ್ನೇ ಕೊಡುವುದಿಲ್ಲ ಎನ್ನುವುದನ್ನೂ ನೋಡಬೇಕು. ಆ ಎರಡನೆಯ ಲೆಕ್ಕದಲ್ಲಿ ಯಾನೊಮಾಮಿ ನುಡಿಗಳು ಕನ್ನಡಕ್ಕಿಂತ ಎಷ್ಟೋ ಕಟ್ಟುನಿಟ್ಟು. ಅದನ್ನು ವಿವರಿಸುವ ಮೊದಲು, ಒಂದೇ ಭಾಷೆಯೋ ಹಲವೋ ಎಂಬ ನಿಮ್ಮ ಪ್ರಶ್ನೆಯನ್ನು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಅದು ಇತ್ಯರ್ಥವಾಗದೆ ಮುಂದಿನ ಮಾತೆಲ್ಲ ಗೊಂದಲಕ್ಕೆ ಎಡೆಯಾಗುತ್ತದೆ.

ವೆನೆಜುವೆಲಾ ಮತ್ತು ಬ್ರೆಜಿಲ್ ದೇಶಗಳ ಗಡಿಯಲ್ಲಿ ಪರಿಮಾ ಎಂಬ ಬೆಟ್ಟಸಾಲು ಇದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಒರಿನೊಕೊ ನದಿಯನ್ನು ಸೇರುತ್ತದೆ. ಇನ್ನೊಂದು ಮಗ್ಗುಲಿನದು ರಿಯೊ ಬ್ರಾಂಕೊ, ರಿಯೊ ನೆಗ್ರೊ ನದಿಗಳ ಮೂಲಕ ಅಮೆಜಾನ್‌ಗೆ ಹೋಗುತ್ತದೆ. ಈ ಬೆಟ್ಟಸಾಲಿನ ಎರಡೂ ಬದಿಯ ದಟ್ಟ ಕಾಡೇ ಯಾನೊಮಾಮಿ ಜನರ ನೆಲೆ. ಬ್ರೆಜಿಲ್ ಕಡೆಯ ಭಾಗವನ್ನು ಅಲ್ಲಿನ ಸರ್ಕಾರ 1992ರಲ್ಲಿ ಅವರ ಪ್ರದೇಶವೆಂದು ಅಧಿಕೃತವಾಗಿ ಅಂಗೀಕರಿಸಿತು. ಅದರ ವಿಸ್ತೀರ್ಣ ಸುಮಾರು 96 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧದಷ್ಟು. ಅಷ್ಟು ದೊಡ್ಡ ನೆಲದಲ್ಲಿ 2022ರ ಜನಗಣತಿಯ ಪ್ರಕಾರ ಇದ್ದವರು ಸುಮಾರು 27 ಸಾವಿರ ಮಂದಿ. ವೆನೆಜುವೆಲಾ ಕಡೆಯವರನ್ನೂ ಸೇರಿಸಿದರೆ ಒಟ್ಟು ಸಂಖ್ಯೆ 35 ಸಾವಿರವನ್ನು ದಾಟುತ್ತದೆ.

ಇಷ್ಟು ಜನ ಆಡುವುದು ಒಂದು ಭಾಷೆಯನ್ನಲ್ಲ, ಒಂದು ಭಾಷಾಕುಟುಂಬವನ್ನು. ಅರ್ನೆಸ್ಟೊ ಮಿಗ್ಲಿಯಾಜ್ಜಾ ಎಂಬ ಭಾಷಾಶಾಸ್ತ್ರಜ್ಞರು 1972ರಲ್ಲಿ, ಒಂದು ಕಡೆಯವರ ಮಾತು ಇನ್ನೊಂದು ಕಡೆಯವರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂಬುದನ್ನು ಪರಿಶೀಲಿಸಿ, ನಾಲ್ಕು ಭಾಷೆಗಳೆಂದು ಗುರುತಿಸಿದರು. ಬ್ರೆಜಿಲ್‌ನ ಈಚಿನ ಸಮೀಕ್ಷೆಗಳು ಆರು ಎನ್ನುತ್ತವೆ. ನೈಋತ್ಯದಲ್ಲಿ, ಒರಿನೊಕೊ ನದಿಯ ಮೇಲ್ಭಾಗದಲ್ಲಿ ಹೆಚ್ಚು ಜನ ಆಡುವ ಯಾನೊಮಾಮಿ (ಕುಟುಂಬದ ಹೆಸರೇ ಈ ಒಂದು ನುಡಿಗೂ ಇದೆ). ಪರಿಮಾ ಬೆಟ್ಟ, ಕತ್ರಿಮಾನಿ, ಟೊಟೊಟೊಬಿ ನದಿಗಳ ಕಡೆಯ ಯಾನೊಮಾಮ್. ವಾಯವ್ಯದಲ್ಲಿ, ಔಆರಿಸ್ ನದಿಯ ದಡದಲ್ಲಿಯೂ ವೆನೆಜುವೆಲಾದ ಕೌರಾ ನದಿಯ ಮೇಲ್ಭಾಗದಲ್ಲಿಯೂ ಇರುವ ಸನೊಮಾ. ಪೂರ್ವದಲ್ಲಿ ಮುಕಜಾಯಿ, ಉರಾರಿಕ್ವೆರಾ ನದಿಗಳ ನಿನಾಮ್. ಇವುಗಳ ಜೊತೆಗೆ ಕೆಲವೇ ನೂರು ಮಂದಿ ಆಡುವ ಯಾರೊಅಮೆ ಮತ್ತು ಯಾನೊಮ ಎಂಬ ಎರಡು ಸಣ್ಣ ನುಡಿಗಳು. ಪಕ್ಕದ ಊರಿನವರ ಮಾತು ಒಬ್ಬರಿಗೊಬ್ಬರಿಗೆ ತಿಳಿಯುತ್ತದೆ. ದೂರ ಹೋದಂತೆ ಮಸುಕಾಗುತ್ತ ಹೋಗಿ, ಎರಡು ತುದಿಯವರು ಎದುರಾದಾಗ ಅರ್ಥವಾಗುವುದಿಲ್ಲ. ಈ ಕುಟುಂಬವನ್ನು ಅಮೆರಿಕದ ಬೇರೆ ಭಾಷಾಕುಟುಂಬಗಳೊಡನೆ ಜೋಡಿಸುವ ಪ್ರಯತ್ನಗಳು ನಡೆದಿವೆಯಾದರೂ ಯಾವುದೂ ವಿದ್ವಾಂಸರ ಒಪ್ಪಿಗೆ ಪಡೆದಿಲ್ಲ. ಔಆರಿಸ್‌ನಲ್ಲಿ ಸನೊಮಾ ಜನರ ನೆರೆಯವರಾದ ಯೆಕ್ವಾನಾ ಜನರ ಭಾಷೆ ಕ್ಯಾರಿಬ್ ಕುಟುಂಬಕ್ಕೆ ಸೇರಿದ್ದು. ದಡ ಒಂದೇ ಆದರೂ ನುಡಿಗಳಿಗೆ ಯಾವ ನಂಟೂ ಇಲ್ಲ.

ಕುಟುಂಬದೊಳಗಿನ ನಂಟನ್ನು ಕಾಣಲು ಮಾತ್ರ ದೊಡ್ಡ ಪಾಂಡಿತ್ಯ ಬೇಡ. ಯಾನೊಮಾಮಿಯಲ್ಲಿ ‘ಯ’ ಎಂದರೆ ನಾನು. ಸನೊಮಾದಲ್ಲಿ ಅದು ‘ಸ’. ಅಲ್ಲಿ ‘ಯಮಕಿ’ ಎಂದರೆ ನಾವು, ಇಲ್ಲಿ ‘ಸಮಕೊ’. ಯಾನೊಮಾಮಿ ಮತ್ತು ಸನೊಮಾ ಎಂಬ ಹೆಸರುಗಳೂ ಹೀಗೆಯೇ ಒಂದೇ ಪದದ ಎರಡು ರೂಪಗಳು. ಕನ್ನಡದ ‘ಹಾಲು’ ತಮಿಳಿನಲ್ಲಿ ‘ಪಾಲ್’, ಕನ್ನಡದ ‘ಹಲ್ಲು’ ಅಲ್ಲಿ ‘ಪಲ್’ ಆಗಿರುವುದನ್ನು ಕಂಡವರಿಗೆ ಇದು ಹೊಸತಲ್ಲ.

ಈಗ ಎಣಿಕೆಯ ವಿಷಯ. ಮೂರಕ್ಕೆ ಪದವಿಲ್ಲದ ಭಾಷೆಯನ್ನು ಆಡುವವನಿಗೆ ಮೂರು ಬಾಳೆಗೊನೆಗೂ ನಾಲ್ಕು ಬಾಳೆಗೊನೆಗೂ ವ್ಯತ್ಯಾಸ ಕಾಣುವುದಿಲ್ಲ ಎಂದು ಯಾರೂ ಭಾವಿಸಬಾರದು. ಬೆರಳು ತೋರಿಸಬಹುದು, ಒಂದೊಂದಾಗಿ ಹೆಸರಿಸಬಹುದು. ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ದೊಡ್ಡ ಮನೆಯಲ್ಲಿ, ಹಣವೂ ತೂಕವೂ ಕಂದಾಯವೂ ಇಲ್ಲದ ಕಡೆಯಲ್ಲಿ, ನಲವತ್ತೇಳು ಎಂಬ ಪದದಿಂದ ಆಗಬೇಕಾದ ಕೆಲಸವೇ ಇರಲಿಲ್ಲ. ಶಾಲೆ, ಔಷಧ, ರೊಕ್ಕ ಬಂದ ಕಡೆಗಳಲ್ಲಿ ಅವರು ಪೋರ್ಚುಗೀಸ್ ಅಥವಾ ಸ್ಪ್ಯಾನಿಷ್ ಸಂಖ್ಯೆಗಳನ್ನು ಎತ್ತಿಕೊಂಡಿದ್ದಾರೆ. ಇದನ್ನು ಬಡತನವೆನ್ನುವವರು ನಮ್ಮ ‘ಸಾವಿರ’ ಸಂಸ್ಕೃತದ ‘ಸಹಸ್ರ’ದಿಂದ ಬಂದದ್ದೆಂಬುದನ್ನೂ, ಲಕ್ಷ, ಕೋಟಿಗಳು ಹೇಗಿದ್ದವೋ ಹಾಗೆಯೇ ಅಲ್ಲಿಂದ ಬಂದವೆಂಬುದನ್ನೂ ನೆನೆಯಬೇಕು. ಅಚ್ಚ ಕನ್ನಡದ ಎಣಿಕೆ ನೂರರ ಆಚೆಗೆ ಹೋಗಿ ಸಾಲ ಕೇಳಿತು. ಅವರದು ಎರಡರ ಆಚೆಗೆ ಕೇಳಿತು.

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಎಣಿಕೆಯ ಪದಗಳಲ್ಲಿ ಕಾಣುವ ಒಂದು, ಎರಡು, ಬಹಳ ಎಂಬ ಮೂರು ಮೆಟ್ಟಿಲುಗಳೇ ಈ ನುಡಿಗಳ ಸರ್ವನಾಮಗಳಲ್ಲಿಯೂ ಇವೆ. ಯಾನೊಮಾಮಿಯಲ್ಲಿ ‘ಯ’ ನಾನು, ‘ಯಹಕಿ’ ನಾವಿಬ್ಬರು, ‘ಯಮಕಿ’ ನಾವು ಹಲವರು. ‘ವ’ ನೀನು, ‘ವಹಕಿ’ ನೀವಿಬ್ಬರು, ‘ವಮಕಿ’ ನೀವು ಹಲವರು. ಸಂಸ್ಕೃತದ ‘ರಾಮಃ, ರಾಮೌ, ರಾಮಾಃ’ ಎಂಬುದನ್ನು ಉರುಹೊಡೆದವರಿಗೆ ದ್ವಿವಚನವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ನಾವು ಅದನ್ನು ವ್ಯಾಕರಣದ ಪುಸ್ತಕದಲ್ಲಿ ಕಲಿಯುತ್ತೇವೆ. ಯಾನೊಮಾಮಿ ಮಗು ಅದನ್ನು ತೊದಲು ಮಾತಿನ ಜೊತೆಗೇ ಕಲಿಯುತ್ತದೆ. ‘ಅವರು ಬಂದರು’ ಎಂದು ಕನ್ನಡದಲ್ಲಿ ಹೇಳಿದರೆ ಬಂದವರು ಇಬ್ಬರೋ ಇಪ್ಪತ್ತು ಮಂದಿಯೋ ತಿಳಿಯದು. ಅಷ್ಟೇ ಅಲ್ಲ, ಗೌರವಕ್ಕೆ ‘ಅವರು’ ಎಂದದ್ದಾದರೆ ಒಬ್ಬರೇ ಇರಬಹುದು. ಯಾನೊಮಾಮಿಯಲ್ಲಿ ಇಬ್ಬರೆಂಬುದನ್ನು ಮುಚ್ಚಿಟ್ಟು ವಾಕ್ಯ ಮುಗಿಸುವುದು ಸುಲಭವಲ್ಲ. ಹಾಗಾಗಿ ಎಣಿಕೆಯಿಲ್ಲದ ಭಾಷೆ ಎಂಬ ಮಾತು ಅರ್ಧ ಸತ್ಯ. ಎಣಿಕೆ ಅಲ್ಲಿ ಪದಕೋಶದಿಂದ ವ್ಯಾಕರಣದೊಳಕ್ಕೆ ಹೋಗಿ ಕುಳಿತಿದೆ.

‘ನಾವು’ ಎಂಬುದರಲ್ಲಿ ಇನ್ನೊಂದು ಬಾಗಿಲೂ ಇದೆ. ಕೇಳುವವನನ್ನು ಹೊರಗಿಟ್ಟು ‘ನಾವು’ ಎನ್ನುವಾಗ ‘ಯಮಕಿ’. ಅವನನ್ನೂ ಸೇರಿಸಿಕೊಂಡು ಹೇಳುವಾಗ ‘ಪೆಮಕಿ’. ತೆಲುಗಿನ ‘ಮೇಮು’, ‘ಮನಮು’, ತಮಿಳಿನ ‘ನಾಂಗಳ್’, ‘ನಾಮ್’ ಎಂಬ ಜೋಡಿಗಳನ್ನು ಬಲ್ಲ ಬಳ್ಳಾರಿ, ಕೋಲಾರದ ಕಡೆಯ ಓದುಗರಿಗೆ ಇದು ಕೂಡಲೇ ಹೊಳೆಯುತ್ತದೆ. ಇಂದಿನ ಕನ್ನಡ ಆ ಭೇದವನ್ನು ಉಳಿಸಿಕೊಂಡಿಲ್ಲ. ಗಣಿಗಾರಿಕೆಯ ಅಧಿಕಾರಿಯೊಬ್ಬನ ಮುಂದೆ ನಿಂತು ‘ಇದು ನಮ್ಮ ಕಾಡು’ ಎಂದು ಕನ್ನಡದಲ್ಲಿ ಹೇಳಿದರೆ, ಆ ‘ನಮ್ಮ’ದಲ್ಲಿ ಅವನೂ ಸೇರಿದ್ದಾನೋ ಇಲ್ಲವೋ ಎಂಬುದು ದನಿಯಿಂದ ಮಾತ್ರ ತಿಳಿಯಬೇಕು. ಅಲ್ಲಿ ಸರ್ವನಾಮವೇ ಅದನ್ನು ಹೇಳಿ ಮುಗಿಸುತ್ತದೆ.

ಕ್ರಿಯಾಪದಕ್ಕೆ ಬಂದರೆ ಕಟ್ಟುನಿಟ್ಟು ಇನ್ನೂ ಹೆಚ್ಚು. 1990ರಲ್ಲಿ ಪ್ರಕಟವಾದ ಸನೊಮಾ ವ್ಯಾಕರಣದಲ್ಲಿ ಡೊನಾಲ್ಡ್ ಬೋರ್ಗ್‌ಮನ್ ಅವರು ಇದನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ನಡೆದ ಸಂಗತಿಯನ್ನು ಹೇಳುವಾಗ ಮಾತಾಡುವವನು ಅದನ್ನು ಕಣ್ಣಾರೆ ಕಂಡನೇ ಇಲ್ಲವೇ ಎಂಬುದನ್ನು ಕ್ರಿಯಾಪದದ ಜೊತೆಯ ಪ್ರತ್ಯಯಗಳು ಸೂಚಿಸುತ್ತವೆ. ಕಂಡದ್ದಾದರೆ, ಅದು ಈಗತಾನೇ ನಡೆದದ್ದೋ, ಹಿಂದಿನ ದಿನದ್ದೋ, ಬಹುಹಿಂದಿನದೋ ಎಂಬ ಭೇದವಿದೆ. ಜೊತೆಗೆ ಅದು ಹತ್ತಿರದಲ್ಲೋ ದೂರದಲ್ಲೋ, ಹೊಳೆಯ ಆಚೆಯೋ, ನೀರು ಹರಿಯುವ ದಿಕ್ಕಿನಲ್ಲೋ ಎಂಬುದೂ ಅದೇ ಚಿಕ್ಕ ಪ್ರತ್ಯಯದಲ್ಲಿ ಅಡಗಿರುತ್ತದೆ. ಕನ್ನಡದಲ್ಲಿಯೂ ‘ಬಂದ’ ಎನ್ನುವುದಕ್ಕೂ ‘ಬಂದನಂತೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಪ್ರಶ್ನೆಯಲ್ಲಿಯೇ ‘ಲಿಪಿಯೂ ಇರಲಿಲ್ಲವಂತೆ’ ಎಂದು ಬರೆದು, ಕೇಳಿದ ಮಾತಿನ ಹೊಣೆಯಿಂದ ನೀವು ನಯವಾಗಿ ಜಾರಿಕೊಂಡಿದ್ದೀರಿ. ಆದರೆ ಆ ‘ಅಂತೆ’ಯನ್ನು ಹಚ್ಚುವುದು ಬಿಡುವುದು ನಮ್ಮ ಇಷ್ಟ. ಸನೊಮಾದಲ್ಲಿ ಅದು ಇಷ್ಟದ ಮಾತಲ್ಲ, ವ್ಯಾಕರಣದ ಮಾತು. ಹೊಳೆಯ ಕೆಳಗಡೆ ಒಂದು ದೋಣಿ ಬರುತ್ತಿರುವುದನ್ನು ನೋಡಿ ಬಂದವನು ಮನೆಯೊಳಗೆ ಬಂದು ಸುದ್ದಿ ಹೇಳಿದರೆ, ದೋಣಿ ಯಾವ ಕಡೆಯದು, ಇವನು ನೋಡಿದನೇ, ಯಾವಾಗ ಎಂದು ಯಾರೂ ಮರುಪ್ರಶ್ನೆ ಹಾಕಬೇಕಾಗಿಲ್ಲ. ದಿಕ್ಕನ್ನು ಹೊಳೆಯ ಹರಿವಿನಿಂದ ಗುರುತಿಸುವುದೂ ಸಹಜವೇ. ಮರಗಳ ನಡುವೆ ಸೂರ್ಯನೇ ಸರಿಯಾಗಿ ಕಾಣದ ಕಡೆ ಪೂರ್ವ ಪಶ್ಚಿಮಗಳಿಂದ ಏನು ಪ್ರಯೋಜನ?

ವಾಕ್ಯದ ಒಟ್ಟು ಕಟ್ಟಡ ಮಾತ್ರ ಕನ್ನಡಿಗರಿಗೆ ಪರಿಚಿತವಾದದ್ದು. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯ ಪ್ರತ್ಯಯ ನಾಮಪದದ ಹಿಂದೆ ಬರುತ್ತದೆ. ಆದರೆ ವಿಭಕ್ತಿಗಳನ್ನು ಹಂಚುವ ಬಗೆ ಬೇರೆ. ‘ಹುಡುಗ ಮಲಗಿದ’ ಎಂಬಂಥ ವಾಕ್ಯದಲ್ಲಿ ಕರ್ತೃವಿಗೆ ಏನೂ ಹತ್ತುವುದಿಲ್ಲ. ‘ಚಿರತೆ ನಾಯಿಯನ್ನು ಕಚ್ಚಿತು’ ಎಂಬಂಥಲ್ಲಿ ಕಚ್ಚಿದ ‘ತಿಹಿ’ಗೆ, ಅಂದರೆ ಅಲ್ಲಿನ ಜಾಗ್ವಾರ್ ಎಂಬ ದೊಡ್ಡ ಬೆಕ್ಕಿಗೆ, ‘ನಿ’ ಎಂಬ ಪ್ರತ್ಯಯ ಹತ್ತುತ್ತದೆ, ಕಚ್ಚಿಸಿಕೊಂಡ ನಾಯಿಗೆ ಏನೂ ಇಲ್ಲ. ಹಿಂದಿಯ ‘ನೇ’ ಪ್ರತ್ಯಯ ಭೂತಕಾಲದಲ್ಲಿ ಮಾಡುವ ಕೆಲಸ ಇದಕ್ಕೆ ಹತ್ತಿರ. ‘ನಿ’, ‘ನೇ’ ಎಂಬ ದನಿಸಾಮ್ಯವನ್ನು ಕಂಡು ಯಾರಾದರೂ ಭಾರತಕ್ಕೂ ಒರಿನೊಕೊಗೂ ಹಳೆಯ ನಂಟನ್ನು ಹೆಣೆದರೆ ದಯವಿಟ್ಟು ನಂಬಬೇಡಿ. ಇದು ಬರಿಯ ಆಕಸ್ಮಿಕ. ಅದೇ ‘ನಿ’ ಸಾಧನವನ್ನೂ ಸ್ಥಳವನ್ನೂ ಹೇಳಲು ಬಳಕೆಯಾಗುತ್ತದೆ. ‘ಬಾಣದಿಂದ ಹೊಡೆದ’ ಎನ್ನುವಾಗ ಬಾಣಕ್ಕೂ ಅದೇ. ಕಚ್ಚುವ ಮೃಗ, ಚುಚ್ಚುವ ಬಾಣ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಕ್ರಮ ನನಗೆ ಬಹಳ ಹಿಡಿಸಿದ್ದು.

ವಸ್ತುಗಳ ಆಕಾರವೂ ವ್ಯಾಕರಣದೊಳಗೆ ಸೇರಿದೆ. ನಾಮಪದದ ಜೊತೆಗೆ ಅದು ಎಂಥ ವಸ್ತು ಎಂದು ತಿಳಿಸುವ ಸಣ್ಣ ತುಣುಕೊಂದು ಬರುತ್ತದೆ. ನೀರಿಗೆ ‘ಮಾವು ಉ’ ಎನ್ನುತ್ತಾರೆ. ಆ ಕೊನೆಯ ‘ಉ’ ದ್ರವವಾದದ್ದಕ್ಕೆಲ್ಲ ಬರುವ ತುಣುಕು, ಹಾಗಾಗಿ ಹೊಳೆಗಳ ಹೆಸರಿನ ತುದಿಯಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಮರಕ್ಕೆ ‘ಹಿ’. ತೊಗಟೆ, ಚರ್ಮದಂಥ ತೆಳು ಹೊದಿಕೆಗೆ ‘ಸಿಕಿ’. ಹೊರಗಿನವರು ತಂದ ಕಾಗದವನ್ನು ಮೊದಲ ಬಾರಿ ಕಂಡಾಗ ಅದಕ್ಕೊಂದು ಹೆಸರು ಬೇಕಾಯಿತು. ಪೋರ್ಚುಗೀಸಿನ ‘ಪಪೆಲ್’ ಎಂಬ ಪದವನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡು ‘ಪಪೆಯೊ’ ಮಾಡಿದರು, ಅದರ ಹಿಂದೆ ‘ಸಿಕಿ’ಯನ್ನು ಸೇರಿಸಿದರು. ಪಪೆಯೊ ಸಿಕಿ: ಕಾಗದದ ಚರ್ಮ. ಎರವಲು ಪದಕ್ಕೂ ತಮ್ಮ ವ್ಯಾಕರಣದ ಮುದ್ರೆ ಒತ್ತದೆ ಒಳಗೆ ಬಿಡದ ಭಾಷೆಯನ್ನು ಬೆಳೆದಿಲ್ಲದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾಗದದ ಮಾತು ಬಂದದ್ದರಿಂದ ಲಿಪಿಯ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ಸ್ವಂತ ಲಿಪಿ ಇರಲಿಲ್ಲ ಎಂಬುದು ನಿಜ. 1950ರ ದಶಕದಿಂದ ನೆಲೆಯೂರಿದ ಕ್ರೈಸ್ತ ಮಿಷನರಿಗಳು ರೋಮನ್ ಅಕ್ಷರಗಳಲ್ಲಿ ಬರೆಯಲು ತೊಡಗಿದರು. ವೆನೆಜುವೆಲಾ 1979ರಲ್ಲಿ ಆದಿವಾಸಿಗಳಿಗೆ ದ್ವಿಭಾಷಾ ಶಿಕ್ಷಣದ ನಿಯಮವನ್ನು ಜಾರಿಗೆ ತಂದಿತು. ಬ್ರೆಜಿಲ್‌ನ 1988ರ ಸಂವಿಧಾನ ಆದಿವಾಸಿ ಸಮುದಾಯಗಳಿಗೆ ಶಾಲೆಯಲ್ಲಿ ತಾಯ್ನುಡಿಯನ್ನು ಬಳಸುವ ಹಕ್ಕನ್ನು ಕೊಟ್ಟಿತು. 1990ರ ದಶಕದಿಂದ ಯಾನೊಮಾಮಿ ಯುವಕರೇ ತಮ್ಮ ಊರುಗಳಲ್ಲಿ ಓದುಬರಹ ಕಲಿಸುತ್ತಿದ್ದಾರೆ. ಬ್ರೆಜಿಲ್‌ನ ಸಾವ್ ಗೇಬ್ರಿಯಲ್ ದ ಕಶೊಯೇರಾ ಎಂಬ ಪುರಸಭಾ ಪ್ರದೇಶದಲ್ಲಿ 2017ರಿಂದ ಯಾನೊಮಾಮಿ ಅಧಿಕೃತ ಭಾಷೆಗಳಲ್ಲಿ ಒಂದು. ಇಷ್ಟಾದರೂ ಬರಹದ ಬಗ್ಗೆ ಅವರ ಹಿರಿಯರ ಭಾವನೆ ನಮ್ಮ ನಿಮ್ಮದರಂತಲ್ಲ. ಯಾನೊಮಾಮಿಗಳ ಮುಂದಾಳುವೂ ಅಲ್ಲಿನ ರೀತಿಯಲ್ಲಿ ಆವೇಶದ ವೈದ್ಯರೂ ಆದ ದಾವಿ ಕೊಪೆನಾವ ಅವರು, ಬಿಳಿಯರು ಮಾತನ್ನು ಕಾಗದದ ಚರ್ಮದ ಮೇಲೆ ಬಿಡಿಸಿಡುವುದು ಅವರ ಮನಸ್ಸು ಮರೆವಿನಿಂದ ತುಂಬಿರುವುದರಿಂದ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿದ್ದಾರೆ. ತಮ್ಮವರ ಮಾತು ಒಳಗೇ ಇದೆ, ಅದನ್ನು ಬರೆದಿಡಬೇಕಾಗಿಲ್ಲ ಎಂಬುದು ಅವರ ನಿಲುವು. ಅದೇ ಕೊಪೆನಾವ ಅವರು ಬಿಳಿಯರಿಗೆ ತಿಳಿಯಲೆಂದು ತಮ್ಮ ಮಾತನ್ನು ಬರಹಕ್ಕೆ ಇಳಿಸಲು ಒಪ್ಪಿದರು ಎಂಬುದನ್ನೂ ಸೇರಿಸಿ ಹೇಳಬೇಕು.

ಬರಹವಿಲ್ಲದ ಭಾಷೆಯಲ್ಲಿ ಮಾತಿನ ಕಲೆ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ‘ವಯಮೊವು’ ಎಂಬುದನ್ನು ನೋಡಬೇಕು. ಬೇರೆ ಊರಿನವರು ಅತಿಥಿಗಳಾಗಿ ಬಂದ ರಾತ್ರಿ, ಕತ್ತಲಾದ ಮೇಲೆ, ಊರಿನ ದುಂಡನೆಯ ದೊಡ್ಡ ಮನೆಯ ನಡುವಿನ ಬಯಲಿನಲ್ಲಿ ಇಬ್ಬರು ಗಂಡಸರು ಎದುರುಬದುರಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಬ್ಬ ಅತಿಥಿ, ಒಬ್ಬ ಆತಿಥೇಯ. ಒಬ್ಬ ಚಿಕ್ಕ ಚಿಕ್ಕ ತುಂಡುಗಳಲ್ಲಿ ಅತಿವೇಗವಾಗಿ ಹೇಳುತ್ತ ಹೋಗುತ್ತಾನೆ. ಇನ್ನೊಬ್ಬ ಪ್ರತಿ ತುಂಡನ್ನೂ ಹಿಡಿದು ತಿರುಗಿ ಹೇಳುತ್ತಾನೆ ಅಥವಾ ಮುಗಿಸುತ್ತಾನೆ. ಲಯ ತಪ್ಪುವಂತಿಲ್ಲ. ಸ್ವಲ್ಪ ಹೊತ್ತಿನ ನಂತರ ಪಾತ್ರ ಅದಲುಬದಲು. ಇವರು ಎದ್ದರೆ ಇನ್ನೊಂದು ಜೋಡಿ. ಎಳೆಯರು ಮೊದಲು ಕೂರುತ್ತಾರೆ, ಇರುಳು ಏರಿದಂತೆ ಹಿರಿಯರ ಸರದಿ, ಮುಗಿಯುವಾಗ ಬೆಳಗಾಗಿರುತ್ತದೆ. ಮಾತು ನೇರವಾಗಿರುವುದಿಲ್ಲ, ಪದಗಳನ್ನು ತುಂಡರಿಸಿ, ಉಪಮೆಯಲ್ಲಿ ಸುತ್ತಿ, ಬೇಕಾದ ವಸ್ತುವಿನ ಹೆಸರೆತ್ತದೆ ಕೇಳುತ್ತಾರೆ. ಹಳೆಯ ಅಸಮಾಧಾನ, ಕೊಡುಕೊಳ್ಳುವ ಮಾತು, ಹೆಣ್ಣು ಕೇಳುವುದು, ದೂರದ ಊರುಗಳ ಸುದ್ದಿ ಎಲ್ಲವೂ ಅದರಲ್ಲಿ ಬರುತ್ತವೆ. ಹಗಲು ಹೇಳಿದರೆ ಜಗಳವಾಗಬಹುದಾದ ಮಾತನ್ನು ರಾತ್ರಿ ಲಯಕ್ಕೆ ಹಾಕಿ ಹೇಳಿದರೆ ಅದು ಸಂಧಾನವಾಗುತ್ತದೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ವಾದವನ್ನು ಕೇಳಿ ಬೆಳೆದವರಿಗೆ ಇರುಳಿಡೀ ಮಾತಿನಲ್ಲಿಯೇ ಸೆಣಸುವ ಈ ಪದ್ಧತಿಯ ರುಚಿ ಬೇಗ ಹತ್ತಬಹುದು. ಆದರೆ ಇಲ್ಲಿ ಪ್ರೇಕ್ಷಕರಿಗಾಗಿ ನಡೆಯುವುದು ಏನೂ ಇಲ್ಲ. ಮಲಗುವ ಜೋಲಿಗಳಲ್ಲಿ ಬಿದ್ದುಕೊಂಡು ಊರೆಲ್ಲ ಕೇಳುತ್ತಿರುತ್ತದೆ, ಅಷ್ಟೆ.

ಮಾತಿನ ಬಳಕೆಯ ಇನ್ನೊಂದು ನಿಯಮವನ್ನೂ ಹೇಳಬೇಕು, ಅದು ವ್ಯಾಕರಣದ ಪುಸ್ತಕದಲ್ಲಿ ಸಿಗುವುದಿಲ್ಲ. ಒಬ್ಬರ ಹೆಸರನ್ನು ಅವರ ಎದುರಿಗೆ ಹಿಡಿದು ಕರೆಯುವುದು ಅವಮಾನ. ಸತ್ತವರ ಹೆಸರನ್ನು ಎತ್ತುವುದಂತೂ ಅವರ ಬಂಧುಗಳಿಗೆ ತಡೆಯಲಾರದ ನೋವು ಮತ್ತು ಕೋಪ ತರುವ ಸಂಗತಿ. ದಿನನಿತ್ಯದ ಮಾತು ನಡೆಯುವುದು ಸಂಬಂಧವಾಚಕಗಳಿಂದ. ಗಂಡನ ಹೆಸರನ್ನು ಬಾಯಿಂದ ಆಡದೆ ಬದುಕು ಮುಗಿಸಿದ ಅಜ್ಜಿಯರನ್ನು ಕಂಡ ನಮಗೆ ಇದರ ಒಳಗು ಸ್ವಲ್ಪವಾದರೂ ತಿಳಿಯುತ್ತದೆ. 1964ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಮಾನವಶಾಸ್ತ್ರಜ್ಞ ನೆಪೋಲಿಯನ್ ಶ್ಯಾಗ್ನನ್ ಅವರಿಗೆ ತಿಳಿದಿರಲಿಲ್ಲ. ವಂಶಾವಳಿಗಳನ್ನು ಬರೆದುಕೊಳ್ಳಲು ಅವರು ಪ್ರತಿಯೊಬ್ಬರ ಹೆಸರು ಕೇಳುತ್ತ ಹೋದರು. ಊರಿನವರು ಒಬ್ಬರನ್ನೊಬ್ಬರು ನೋಡಿಕೊಂಡು ಹೇಳಬಾರದ ಅಶ್ಲೀಲ ಪದಗಳನ್ನು ಹೆಸರೆಂದು ಹೇಳುತ್ತ ಬಂದರು. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಬೇರೊಂದು ಊರಿನಲ್ಲಿ ಅವರು ಒಬ್ಬ ಮುಖಂಡನ ಹೆಂಡತಿಯ ‘ಹೆಸರನ್ನು’ ಹೇಳಿದಾಗ ಅಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು, ಅಷ್ಟೂ ವಂಶಾವಳಿ ಕಸದ ಬುಟ್ಟಿಗೆ ಹೋಯಿತು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಭಾಷೆಯನ್ನು ಕಲಿಯುವುದೆಂದರೆ ಯಾವುದನ್ನು ಆಡಬಾರದು ಎಂಬುದನ್ನೂ ಕಲಿಯುವುದು ಎಂಬ ಪಾಠಕ್ಕೆ ಅವರು ಐದು ತಿಂಗಳಷ್ಟು ಶುಲ್ಕ ತೆತ್ತರು.

ಈ ನುಡಿಗಳ ಇಂದಿನ ಸ್ಥಿತಿಯನ್ನು ನೀವು ಕೇಳಿಲ್ಲವಾದರೂ ಮಕ್ಕಳು ಕೇಳದೆ ಬಿಡಲಾರರು. ದೊಡ್ಡ ಯಾನೊಮಾಮಿ ನುಡಿಗಳು ಗಟ್ಟಿಯಾಗಿವೆ. ಮಕ್ಕಳು ಅವನ್ನೇ ಮೊದಲು ಕಲಿಯುತ್ತಾರೆ, ಒಳನಾಡಿನ ಊರುಗಳಲ್ಲಿ ಬೇರೆ ಭಾಷೆಯೇ ಬಾರದವರು ಬಹಳ ಮಂದಿ. ಅಪಾಯ ಇರುವುದು ಭಾಷೆಗಿಂತ ಮೊದಲು ಅದನ್ನಾಡುವ ಜನಕ್ಕೆ. 1973ರಲ್ಲಿ ಬ್ರೆಜಿಲ್ ಅವರ ನೆಲದ ದಕ್ಷಿಣ ಭಾಗದಲ್ಲಿ ಹೆದ್ದಾರಿಯೊಂದನ್ನು ಕಡಿಯತೊಡಗಿದಾಗ, ಅಜರಾನಿ ನದಿಯ ಕಡೆಯ ಸಣ್ಣ ಗುಂಪುಗಳು ರೋಗಗಳಿಗೆ ಸಿಕ್ಕಿ ನಲುಗಿದವು. ಇಂದು ಯಾರೊಅಮೆ ಆಡುವವರು ಅಷ್ಟು ಕಡಿಮೆ ಇರುವುದಕ್ಕೂ ಆ ರಸ್ತೆಗೂ ನೇರ ನಂಟಿದೆ. 1987ರಿಂದ ಮೂರು ವರ್ಷ ಚಿನ್ನದ ಹುಡುಕಾಟಕ್ಕೆ ಸುಮಾರು 40 ಸಾವಿರ ಗಣಿಗಾರರು ನುಗ್ಗಿದರು, ಮಲೇರಿಯಾವನ್ನು ಹೊತ್ತು ತಂದರು. ಗಣಿಗಾರರು ಮತ್ತೆ ಹೆಚ್ಚಿದ್ದರಿಂದ 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಬೇಕಾಯಿತು. ಸಾಂಕ್ರಾಮಿಕ ರೋಗಕ್ಕೆ ಅವರ ಪದ ‘ಷವರ’. ಅದು ಚಿನ್ನ ಕರಗಿಸುವ, ಯಂತ್ರ ಓಡಿಸುವ ಹೊಗೆಯ ರೂಪದಲ್ಲಿ ಬರುತ್ತದೆಂದು ಅವರು ಹೇಳುತ್ತಾರೆ. ಚಿನ್ನವನ್ನು ಬೇರ್ಪಡಿಸಲು ಗಣಿಗಾರರು ಬಳಸುವ ಪಾದರಸದ ಆವಿಯನ್ನು ಬಲ್ಲ ರಸಾಯನಶಾಸ್ತ್ರಜ್ಞರು ಅದನ್ನು ಕೇಳಿ ನಗುವುದಕ್ಕೆ ಮುಂಚೆ ಸ್ವಲ್ಪ ಯೋಚಿಸಬೇಕಾದೀತು.

ಕೊನೆಗೆ ಹೆಸರು ಮತ್ತು ಬರವಣಿಗೆ. ‘ಯಾನೊಮಾಮಿ ಥೆಪೆ’ ಎಂದರೆ ಅವರ ಭಾಷೆಯಲ್ಲಿ ಮನುಷ್ಯರು ಎಂದು ಮಾತ್ರ ಅರ್ಥ. ಬೇಟೆಯ ಪ್ರಾಣಿ ‘ಯಾರೊ’, ಹೊರಗಿನವರು ‘ನಪೆ’. ಈ ಕೊನೆಯ ಪದಕ್ಕೆ ಶತ್ರು, ಪರಕೀಯ ಎರಡೂ ಅರ್ಥವಿದ್ದು, ಈಗ ವೈದ್ಯರು, ಮೇಷ್ಟರು, ಗಣಿಗಾರರು ಎಲ್ಲರೂ ಅದರಡಿಯಲ್ಲಿ ಬರುತ್ತಾರೆ. ಬಟ್ಟೆ ತೊಟ್ಟು ಪೇಟೆಯ ರೀತಿ ಹಿಡಿಯುವುದಕ್ಕೆ ‘ನಪೆಪ್ರೊವು’, ನಪೆ ಆಗಿಬಿಡುವುದು, ಎಂಬ ಕ್ರಿಯಾಪದವೂ ಹುಟ್ಟಿದೆ. ಬರೆಯುವ ರೀತಿಗಳು ಬೇರೆ ಬೇರೆ ಆಗಲು ಎರಡು ಕಾರಣಗಳಿವೆ. ಒಂದು, ಈ ನುಡಿಗಳಲ್ಲಿ ಪ ಮತ್ತು ಬ, ತ ಮತ್ತು ದ ಬೇರೆ ಬೇರೆ ವರ್ಣಗಳಲ್ಲ. ತಮಿಳು ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ ಸಾಕಾಗುವಂತೆ ಇಲ್ಲಿಯೂ ಸಾಕು. ಆದರೆ ಕೇಳಿ ಬರೆದ ಹೊರಗಿನವರು ಒಬ್ಬರು ಪಕಾರ ಹಾಕಿದರೆ ಇನ್ನೊಬ್ಬರು ಬಕಾರ ಹಾಕಿದ್ದಾರೆ, ಒಂದೇ ಊರು ಎರಡು ಪುಸ್ತಕಗಳಲ್ಲಿ ಎರಡು ಊರಿನಂತೆ ಕಾಣುತ್ತದೆ. ಮಹಾಪ್ರಾಣವಾದರೋ ತ, ಥ ಎಂಬಲ್ಲಿ ಮಾತ್ರ ಅರ್ಥವನ್ನು ಬದಲಿಸುತ್ತದೆ. ಎರಡನೆಯದು ಸ್ವರಗಳ ತೊಡಕು. ಅ, ಇ, ಉ, ಎ, ಒ ಎಂಬ ಐದಲ್ಲದೆ ಇನ್ನೆರಡು ನಡುಸ್ವರಗಳಿವೆ, ಜೊತೆಗೆ ಮೂಗಿನಿಂದ ಉಚ್ಚರಿಸುವ ಸ್ವರಗಳೂ ಇವೆ. ರೋಮನ್ ಲಿಪಿಯಲ್ಲಿ ಅವಕ್ಕೆ ಅಡ್ಡಗೆರೆ, ಚುಕ್ಕಿ, ಬಳುಕುಗೆರೆಗಳನ್ನು ಹಾಕುವುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ನಾನು ಮೇಲೆ ಬರೆದಿರುವ ಪದಗಳೆಲ್ಲ ಕನ್ನಡ ಲಿಪಿಗೆ ಹತ್ತಿರವಾದ ರೂಪಗಳು. ಸನೊಮಾ ಎಂಬಲ್ಲಿನ ಒಕಾರ ನಮ್ಮ ಒಕಾರವಲ್ಲ.

ತರಗತಿಗೆ ನನ್ನ ಸಲಹೆ ಇಷ್ಟೇ: ಜನಕ್ಕೂ ಭಾಷಾಕುಟುಂಬಕ್ಕೂ ‘ಯಾನೊಮಾಮಿ’ ಎಂದೇ ಬರೆಯಿರಿ, ಕುಟುಂಬದೊಳಗಿನ ಒಂದು ನುಡಿಯ ಬಗ್ಗೆ ಹೇಳುವಾಗ ಸನೊಮಾ, ನಿನಾಮ್ ಎಂದು ಅದರದೇ ಹೆಸರು ಹೇಳಿ. ‘ಯಾನೊಮಾಮಿ’ಯ ಕೊನೆಯಲ್ಲಿರುವ ಸ್ವರ ಇಕಾರವೂ ಅಲ್ಲ, ಉಕಾರವೂ ಅಲ್ಲ, ಎರಡರ ನಡುವಿನದು, ಅದನ್ನು ಕನ್ನಡದ ಯಾವ ಅಕ್ಷರವೂ ತೋರಿಸಲಾರದು. ಆದರೆ ತುಳು ಮಾತಿನ ಪದಗಳ ತುದಿಯಲ್ಲಿ, ಬರೆಯುವಾಗ ಅರ್ಧಾಕ್ಷರವಾಗಿ ಉಳಿಯುವ ಸ್ವರ ಅದಕ್ಕೆ ತೀರ ಹತ್ತಿರದ್ದು. ಕೊಡವ ತಕ್ಕಿನಲ್ಲಿಯೂ ಅಂಥ ನಡುಸ್ವರಗಳಿವೆ. ನಿಮ್ಮ ತರಗತಿಯಲ್ಲಿ ಮಂಗಳೂರು ಕಡೆಯ ಅಥವಾ ಮಡಿಕೇರಿ ಕಡೆಯ ಮಗುವೊಂದಿದ್ದರೆ ಆ ಹೆಸರನ್ನು ಹೇಳಿಕೊಡುವ ಕೆಲಸವನ್ನು ಅದಕ್ಕೇ ಒಪ್ಪಿಸಿ, ನಮ್ಮ ನಿಮ್ಮ ಬಾಯಿಗಿಂತ ಸರಿಯಾಗಿ ಬರುತ್ತದೆ.